ಡೆವಲಪ್‌ಮೆಂಟ್ ಫೈಲು, ಪ್ರೊಡಕ್ಷನ್ ಫೈಲು ತಾಳೆಯಾಗದಿದ್ದಾಗ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಸಹಕಾರಿ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಉಳಿತಾಯ ಖಾತೆಗಳ ತ್ರೈಮಾಸಿಕ ಬಡ್ಡಿಯನ್ನು ಲೆಕ್ಕ ಹಾಕಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯ) ಫೈಲು ಹೊರಡಿಸುವ ಕೆಲಸವನ್ನು ಇದುವರೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸಿನೊಳಗಿನ ಪ್ರೊಸೀಜರ್ ಮಾಡುತ್ತಿತ್ತು. ಈಗ ಅದನ್ನು ಪೈಥಾನ್‌ನಲ್ಲಿ ಹೊಸದಾಗಿ ಬರೆದಿದ್ದೇವೆ. ಹಳೆಯದು ಹಳೆಯ ಲಿನಕ್ಸ್ ಇರುವ ಪ್ರೊಡಕ್ಷನ್ (ಬ್ಯಾಂಕಿನ ನಿಜವಾದ ಕೆಲಸ ನಡೆಯುವ) ಸರ್ವರಿನಲ್ಲಿದೆ, ಹೊಸದು ಡೆವಲಪ್‌ಮೆಂಟ್ (ಪ್ರೋಗ್ರಾಮ್ ಬರೆದು ಪರೀಕ್ಷಿಸುವ) ಸರ್ವರಿನಲ್ಲಿದೆ. ಡೆವಲಪ್‌ಮೆಂಟ್‌ನಲ್ಲಿರುವುದು ಕೆಲವು ವಾರಗಳ ಹಿಂದಿನ ಬ್ಯಾಕಪ್‌ನಿಂದ ತುಂಬಿದ ಡೇಟಾ. ಎರಡೂ ಕಡೆಯ ಫೈಲುಗಳನ್ನು ತಾಳೆ ನೋಡಿದ ಮೇಲೆಯೇ ಬಿಡುಗಡೆ ಎಂದು ಮ್ಯಾನೇಜರ್ ಹೇಳಿದ್ದಾರೆ. ಸುಮಾರು 4 ಲಕ್ಷ ಸಾಲುಗಳಿವೆ. ಫೈಲುಗಳನ್ನು ಸಾಲು ಸಾಲಾಗಿ ಹೋಲಿಸುವ ಡಿಫ್ ಟೂಲ್ ಓಡಿಸಿದರೆ ಎಲ್ಲ ಸಾಲುಗಳೂ ಬೇರೆ ಎನ್ನುತ್ತದೆ, ಎಕ್ಸೆಲ್‌ನಲ್ಲಿ ತೆರೆದರೆ ಬಹಳಷ್ಟು ಸಾಲುಗಳು ಒಂದೇ ರೀತಿ ಕಾಣುತ್ತವೆ. ಒಟ್ಟು ಬಡ್ಡಿಯಲ್ಲಿ ಸ್ವಲ್ಪವೇ ವ್ಯತ್ಯಾಸವಿದೆ, ಅಷ್ಟು ಸಾಕು ಎಂದು ಒಬ್ಬರು ಹೇಳುತ್ತಾರೆ. ಇಂದಿನ ಪ್ರೊಡಕ್ಷನ್ ಡೇಟಾಬೇಸನ್ನೇ ನಕಲು ಮಾಡಿಕೊಂಡುಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ನಮ್ಮ ಪ್ರೋಗ್ರಾಮ್ ಅಷ್ಟೊಂದು ತಪ್ಪೇ? ಯಾವ ಟೂಲ್ ಬಳಸಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಡಿಫ್ ತೋರಿಸಿದ ಸಾಲುಗಳಷ್ಟೂ ನಿಮ್ಮ ಪ್ರೋಗ್ರಾಮಿನ ತಪ್ಪು ಎಂದುಕೊಂಡು ಗಾಬರಿಪಡಬೇಕಾಗಿಲ್ಲ. ಹಾಗೆಂದು ಪ್ರೋಗ್ರಾಮ್ ಸರಿಯಿದೆ ಎಂದೂ ಈಗಿರುವ ಎರಡು ಫೈಲುಗಳನ್ನು ಮುಂದಿಟ್ಟುಕೊಂಡು ಯಾರೂ ಹೇಳಲಾರರು. ನೀವು ವಿವರಿಸಿರುವಂತೆ ಈ ಎರಡು ಫೈಲುಗಳ ನಡುವೆ ಮೂರು ಸಂಗತಿಗಳು ಒಟ್ಟಿಗೆ ಬದಲಾಗಿವೆ: ಪ್ರೋಗ್ರಾಮ್ ಬೇರೆ, ಅದು ಓದಿದ ಡೇಟಾ ಬೇರೆ, ಅದು ಓಡಿದ ಸರ್ವರಿನ ಪರಿಸರವೂ ಬೇರೆ. ಒಂದು ಖಾತೆಯ ಬಡ್ಡಿಯಲ್ಲಿ ಕೆಲವು ಪೈಸೆ ಹೆಚ್ಚುಕಡಿಮೆಯಾಗಿದ್ದರೆ ಅದು ಈ ಮೂರರಲ್ಲಿ ಯಾವುದರಿಂದ ಬಂದದ್ದು ಎಂಬುದನ್ನು ಫೈಲುಗಳನ್ನಷ್ಟೇ ನೋಡುವ ಯಾವ ಟೂಲೂ ಕಂಡುಹಿಡಿಯಲಾರದು. ಆದ್ದರಿಂದ ಟೂಲನ್ನು ಆರಿಸುವ ಮೊದಲು, ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗುವಂತೆ ಹೋಲಿಕೆಯನ್ನು ಏರ್ಪಡಿಸಿಕೊಳ್ಳಬೇಕು. ಈ ಕ್ಷೇತ್ರದಲ್ಲಿ ನಾನು ನೋಡಿದ ಮಟ್ಟಿಗೆ, ತಾಳೆಯ ಕೆಲಸ ವಾರಗಟ್ಟಲೆ ಎಳೆದಾಡುವುದು ಈ ಒಂದು ಹೆಜ್ಜೆಯನ್ನು ಬಿಟ್ಟದ್ದರಿಂದಲೇ.

ಮೊದಲು ನಿಮ್ಮ ಸುತ್ತ ಕೇಳಿಬರುತ್ತಿರುವ ನಂಬಿಕೆಗಳನ್ನು ನೋಡೋಣ. ಒಟ್ಟು ಮೊತ್ತ ಹತ್ತಿರವಿದ್ದರೆ ಸಾಕು ಎಂಬುದು ಅಪಾಯದ ಮಾತು. ಇಬ್ಬರು ಖಾತೆದಾರರ ಬಡ್ಡಿ ಅದಲುಬದಲಾದರೆ ಒಟ್ಟು ಮೊತ್ತ ಒಂದು ಪೈಸೆಯೂ ಬದಲಾಗದು, ಆದರೆ ಇಬ್ಬರಿಗೂ ಅನ್ಯಾಯವಾಗಿರುತ್ತದೆ. ಒಟ್ಟು ಮೊತ್ತ ತಾಳೆಯಾಗದಿದ್ದರೆ ಏನೋ ತಪ್ಪಿದೆ ಎಂಬುದು ಖಚಿತ, ಆದರೆ ತಾಳೆಯಾದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಗುರುತು, ಅಂದರೆ ಎಂಡಿ5 ಅಥವಾ ಶಾ-256 ಹ್ಯಾಶ್, ಇದಕ್ಕೆ ಸರಿಯಾಗಿ ತಿರುವುಮುರುವು. ಹ್ಯಾಶ್ ಒಂದೇ ಆಗಿದ್ದರೆ ಎರಡು ಫೈಲುಗಳು ಬೈಟ್ ಬೈಟಿಗೂ ಒಂದೇ ಎಂದು ನಂಬಬಹುದು, ಬೇರೆಯಾಗಿದ್ದರೆ ವ್ಯತ್ಯಾಸ ಒಂದು ಬೈಟಿನದೋ ಇಡೀ ಫೈಲಿನದೋ ಎಂಬುದರ ಸುಳಿವೇ ಸಿಗುವುದಿಲ್ಲ.

ಎಕ್ಸೆಲ್ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ: ತಾಳೆಯ ಕೆಲಸಕ್ಕೆ ಮೂಲ ಫೈಲನ್ನು ಅದರಲ್ಲಿ ನೇರವಾಗಿ ತೆರೆಯಬೇಡಿ. ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಹೀಗಾಗಿ 16 ಅಂಕಿಗಳ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಎದುರಿನ ಸೊನ್ನೆಗಳು ಉದುರುತ್ತವೆ, ದಿನಾಂಕದಂತೆ ಕಾಣುವುದೆಲ್ಲ ದಿನಾಂಕವಾಗುತ್ತದೆ. ಇವೆಲ್ಲ ತೆರೆದ ಕ್ಷಣದಲ್ಲೇ ನಡೆಯುತ್ತವೆ ಮತ್ತು ಎರಡೂ ಫೈಲುಗಳಿಗೆ ಒಂದೇ ರೀತಿ ನಡೆಯುವುದರಿಂದ, ನಿಜವಾಗಿ ಬೇರೆಯಾಗಿದ್ದ ಸಾಲುಗಳೂ ಒಂದೇ ಎಂಬಂತೆ ಕಾಣುತ್ತವೆ. ಹಾಳೆಯೊಂದರಲ್ಲಿ 10,48,576 ಸಾಲುಗಳ ಮಿತಿ ಬೇರೆ ಇದೆ. ನಿಮ್ಮ ಫೈಲಿಗೆ ಅದು ಸದ್ಯ ಅಡ್ಡಿಯಲ್ಲ, ಆದರೆ ಬ್ಯಾಂಕು ಬೆಳೆದಂತೆ ಆಗಬಹುದು.

ಇನ್ನು, ಎಲ್ಲ ಸಾಲುಗಳೂ ಬೇರೆ ಎಂದು ಡಿಫ್ ಹೇಳುತ್ತಿರುವುದಕ್ಕೆ ಕಾರಣ. ಪೈಥಾನ್‌ನೊಂದಿಗೆ ಬರುವ ಸಿಎಸ್‌ವಿ ಮಾಡ್ಯೂಲ್, ನಾವು ಬೇರೆ ಹೇಳದಿದ್ದರೆ, ಲಿನಕ್ಸ್ ಮೇಲೆ ಓಡುತ್ತಿದ್ದರೂ ಪ್ರತಿ ಸಾಲನ್ನು ವಿಂಡೋಸ್ ಪದ್ಧತಿಯಂತೆ ಎರಡು ಬೈಟುಗಳಿಂದ ಮುಗಿಸುತ್ತದೆ. ಲಿನಕ್ಸ್ ಸರ್ವರಿನಲ್ಲಿರುವ ಪೋಸ್ಟ್‌ಗ್ರೆಸ್‌ನ ಕಾಪಿ ಆಜ್ಞೆ ಒಂದೇ ಬೈಟಿನಿಂದ ಮುಗಿಸುತ್ತದೆ. ಕಣ್ಣಿಗೆ ಕಾಣದ ಈ ಒಂದು ಬೈಟಿನಿಂದಾಗಿ 4 ಲಕ್ಷ ಸಾಲುಗಳೂ ಬೇರೆಯಾಗುತ್ತವೆ. ಸಾಲುಗಳ ಸಂಖ್ಯೆ ಒಂದೇ ಇದ್ದು, ಎರಡು ಫೈಲುಗಳ ಗಾತ್ರದ ವ್ಯತ್ಯಾಸ ಹೆಚ್ಚುಕಡಿಮೆ ಆ ಸಂಖ್ಯೆಯಷ್ಟೇ ಬೈಟುಗಳಾಗಿದ್ದರೆ ಮೊದಲು ಇದನ್ನೇ ಸಂಶಯಿಸಿ. ಮೊದಲ ಸಾಲು ಮಾತ್ರ ಬೇರೆಯಾಗಿದ್ದರೆ ಫೈಲಿನ ತಲೆಯಲ್ಲಿ ಬಾಮ್ ಎಂಬ ಮೂರು ಬೈಟುಗಳ ಗುರುತು ಸೇರಿಕೊಂಡಿರಬಹುದು. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸಿದ ಫೈಲುಗಳಲ್ಲಿ ಅದು ಇರುತ್ತದೆ.

ಎರಡನೆಯದು ಸಾಲುಗಳ ಕ್ರಮ. ಡಿಫ್ ಕ್ರಮವನ್ನು ಆಧರಿಸಿ ಕೆಲಸ ಮಾಡುವ ಟೂಲ್. ಆರ್ಡರ್ ಬೈ, ಅಂದರೆ ಕ್ರಮದ ಸೂಚನೆ, ಇಲ್ಲದ ಕ್ವೆರಿ ಯಾವ ಕ್ರಮದಲ್ಲಿ ಸಾಲುಗಳನ್ನು ಕೊಡುತ್ತದೆ ಎಂಬುದಕ್ಕೆ ಡೇಟಾಬೇಸ್ ಯಾವ ಭರವಸೆಯನ್ನೂ ನೀಡುವುದಿಲ್ಲ. ವರ್ಷಗಟ್ಟಲೆ ಒಂದೇ ಕ್ರಮದಲ್ಲಿ ಬಂದಿದ್ದರೂ ಅದು ಕಾಕತಾಳೀಯ. ಆರ್ಡರ್ ಬೈ ಇದ್ದರೂ ನಿಮ್ಮ ಸಂದರ್ಭದಲ್ಲಿ ಇನ್ನೊಂದು ತೊಡಕಿದೆ. ಲಿನಕ್ಸ್‌ನ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ 2018ರಲ್ಲಿ ಬಂದ 2.28ನೇ ಆವೃತ್ತಿಯಲ್ಲಿ ಅಕ್ಷರಗಳ ವಿಂಗಡಣೆಯ ನಿಯಮಗಳನ್ನು ಬದಲಿಸಿತು. ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್‌ನಲ್ಲಿ) ಹಳೆಯ ಲೈಬ್ರರಿ 11 ಎಂಬ ಪಠ್ಯವನ್ನು 1-1 ಎಂಬುದಕ್ಕಿಂತ ಮುಂದೆ ಇಡುತ್ತಿತ್ತು, ಹೊಸದು 1-1 ಅನ್ನು ಮುಂದೆ ಇಡುತ್ತದೆ. ನಿಮ್ಮ ಖಾತೆ ಸಂಖ್ಯೆಗಳಲ್ಲಿ ಶಾಖೆಯ ಸಂಕೇತದ ನಂತರ ಅಡ್ಡಗೆರೆ ಇದ್ದರೆ, ಹಳೆಯ ಲಿನಕ್ಸ್‌ನ ಪ್ರೊಡಕ್ಷನ್ ಒಂದು ಕ್ರಮವನ್ನೂ ಹೊಸ ಡೆವಲಪ್‌ಮೆಂಟ್ ಇನ್ನೊಂದು ಕ್ರಮವನ್ನೂ ಕೊಡುತ್ತವೆ, ಮತ್ತು ಎರಡೂ ತಮ್ಮ ನಿಯಮದಂತೆ ಸರಿಯಾಗಿಯೇ ಇರುತ್ತವೆ. ಇದು ಬರೀ ತಾಳೆಯ ತೊಂದರೆಯಲ್ಲ. ಹಳೆಯ ಸರ್ವರಿನ ಡೇಟಾಬೇಸ್ ಕಡತಗಳನ್ನು ಹಾಗೆಯೇ ಹೊಸ ಲಿನಕ್ಸ್‌ಗೆ ಒಯ್ದು ಪಠ್ಯ ಕಾಲಂಗಳ ಇಂಡೆಕ್ಸ್‌ಗಳನ್ನು (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗಳನ್ನು) ಮರುನಿರ್ಮಿಸದಿದ್ದರೆ, ಇರುವ ಖಾತೆಯೂ ಹುಡುಕಾಟದಲ್ಲಿ ಸಿಗದೆ ಹೋಗಬಹುದು. ನಿಮ್ಮ ಡೆವಲಪ್‌ಮೆಂಟ್ ಡೇಟಾಬೇಸನ್ನು ಆ ರೀತಿ ತುಂಬಿದ್ದರೆ ಮೊದಲು ರೀಇಂಡೆಕ್ಸ್ ಮಾಡಿಸಿ.

ಮೂರನೆಯದು ಕನ್ನಡದಲ್ಲಿ ಕೆಲಸ ಮಾಡುವ ನಮಗೆ ವಿಶೇಷವಾಗಿ ಕಾಡುವಂಥದ್ದು. ಫೈಲಿನಲ್ಲಿ ಖಾತೆದಾರರ ಹೆಸರು, ಊರು ಕನ್ನಡದಲ್ಲಿದ್ದರೆ ಕಣ್ಣಿಗೆ ಒಂದೇ ಆಗಿರುವ ಪದ ಬೈಟುಗಳಲ್ಲಿ ಬೇರೆಯಾಗಿರಬಹುದು. ಕೊಪ್ಪಳ ಎಂಬ ಹೆಸರಿನ ‘ಕೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ಮೊದಲನೆಯ ರೀತಿಯಲ್ಲಿ ಕೊಪ್ಪಳ ಯುಟಿಎಫ್-8ರಲ್ಲಿ 18 ಬೈಟುಗಳಾಗುತ್ತದೆ, ಎರಡನೆಯದರಲ್ಲಿ 21. ಎನ್‌ಎಫ್‌ಸಿ ಎಂಬ ಯೂನಿಕೋಡ್ ಏಕರೂಪತೆಯ ವಿಧಾನದಿಂದ ಇವೆರಡನ್ನೂ ಒಂದಾಗಿಸಬಹುದು. ಆದರೆ ಅರ್ಕಾವೊತ್ತು ಬರದಂತೆ ತಡೆಯಲು ‘ಸೂರ‍್ಯ’ ಎಂಬಲ್ಲಿ ಸೇರಿಸುವ ಕಾಣದ ಜೋಡಕ ಸಂಕೇತವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯ ಅಂಕಿಯನ್ನು ಟೈಪ್ ಮಾಡಿದ್ದರೆ ಅದನ್ನೂ ಸರಿಪಡಿಸುವುದಿಲ್ಲ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟುಗಳಿಂದ ಪರಿವರ್ತಿಸಿದ ಡೇಟಾದಲ್ಲಿ ಇಂಥವು ಧಾರಾಳವಾಗಿರುತ್ತವೆ. ಹೆಸರು ತಾಳೆಯಾಗದ ಕೆಲವು ಸಾಲುಗಳನ್ನು ತೆಗೆದುಕೊಂಡು, ಅಕ್ಷರಗಳನ್ನಲ್ಲದೆ ಅವುಗಳ ಹಿಂದಿನ ಸಂಕೇತಗಳನ್ನೇ ಮುದ್ರಿಸಿ ನೋಡಿ. ಐದು ನಿಮಿಷದಲ್ಲಿ ಕಾರಣ ಗೊತ್ತಾಗುತ್ತದೆ.

ಇಲ್ಲಿಯವರೆಗಿನ ಕಾರಣಗಳು ಹಣವನ್ನು ಮುಟ್ಟುವಂಥವಲ್ಲ. ನಿಮ್ಮ ಒಟ್ಟು ಬಡ್ಡಿಯಲ್ಲಿರುವ ಆ ಸ್ವಲ್ಪ ವ್ಯತ್ಯಾಸ ಬೇರೆಡೆಯಿಂದ ಬಂದಿರಬೇಕು, ಮತ್ತು ನಿಜವಾದ ಗಮನ ಬೇಕಾಗಿರುವುದು ಅದಕ್ಕೆ. ನಾನಾದರೆ ಸಮಯವಲಯ, ದುಂಡುಮಾಡುವಿಕೆ ಎಂಬ ಎರಡು ಕಡೆ ಮೊದಲು ನೋಡುತ್ತೇನೆ. ಹೊಸ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಯುಪಿಐ ಮೂಲಕ ಜಮೆಯಾದ ಹಣ ಯುಟಿಸಿ ಲೆಕ್ಕದಲ್ಲಿ ಮಾರ್ಚ್ 31ರ ರಾತ್ರಿ 8.30ಕ್ಕೆ ಬಂದದ್ದಾಗುತ್ತದೆ. ದಿನದ ಬಾಕಿಯ ಮೇಲೆ ಬಡ್ಡಿ ಕಟ್ಟುವ ಪದ್ಧತಿಯಲ್ಲಿ ಇದರಿಂದ ಒಂದು ದಿನದ ಬಡ್ಡಿ ಹೆಚ್ಚಾಗುವುದಷ್ಟೇ ಅಲ್ಲ, ವಹಿವಾಟು ಹಿಂದಿನ ತ್ರೈಮಾಸಿಕಕ್ಕೂ ಹಿಂದಿನ ಹಣಕಾಸು ವರ್ಷಕ್ಕೂ ಸರಿಯುತ್ತದೆ. ವ್ಯತ್ಯಾಸವಿರುವ ಖಾತೆಗಳಲ್ಲಿ ನಡುರಾತ್ರಿಯಿಂದ ಬೆಳಗಿನ 5.30ರ ನಡುವೆ ವಹಿವಾಟು ನಡೆದಿದೆಯೇ ಎಂದು ನೋಡಿದರೆ ಇದು ಹೌದೋ ಅಲ್ಲವೋ ತಕ್ಷಣ ತಿಳಿಯುತ್ತದೆ.

ದುಂಡುಮಾಡುವಿಕೆಯ ವಿಷಯ ಇನ್ನೂ ಸೂಕ್ಷ್ಮ. 10,000 ರೂಪಾಯಿಗೆ ವಾರ್ಷಿಕ ಶೇ 3ರಂತೆ ಒಂದು ದಿನದ ಬಡ್ಡಿ ಸುಮಾರು 0.8219 ರೂಪಾಯಿ. ಏಪ್ರಿಲ್‌ನಿಂದ ಜೂನ್‌ವರೆಗಿನ 91 ದಿನಗಳಿಗೆ ಇದನ್ನು ಕೂಡಿ ಕೊನೆಯಲ್ಲಿ ಒಮ್ಮೆ ಪೈಸೆಗೆ ದುಂಡುಮಾಡಿದರೆ 74.79 ರೂಪಾಯಿ ಬರುತ್ತದೆ. ದಿನದಿನವೂ 0.82ಕ್ಕೆ ದುಂಡುಮಾಡಿ ಕೂಡಿದರೆ 74.62 ಮಾತ್ರ. ಒಂದೇ ಖಾತೆಯಲ್ಲಿ 17 ಪೈಸೆ ವ್ಯತ್ಯಾಸ, ಅದೂ ಸೂತ್ರ ಎರಡೂ ಕಡೆ ಒಂದೇ ಇದ್ದಾಗ. ಎಲ್ಲಿ ದುಂಡುಮಾಡುತ್ತೇವೆ ಎಂಬುದರ ಜೊತೆಗೆ ಹೇಗೆ ಎಂಬುದೂ ಮುಖ್ಯ. ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ ಮಾದರಿ 0.125 ಅನ್ನು ಎರಡು ದಶಮಾಂಶಕ್ಕೆ ಇಳಿಸುವಾಗ 0.13 ಕೊಡುತ್ತದೆ. ಪೈಥಾನ್‌ನ ರೌಂಡ್ ಅರ್ಧಕ್ಕೆ ಸರಿಯಾಗಿ ಬಂದಾಗ ಸಮ ಅಂಕಿಯ ಕಡೆಗೆ ವಾಲುವುದರಿಂದ 0.12 ಕೊಡುತ್ತದೆ. ಡೆಸಿಮಲ್ ಮಾದರಿ ಬಳಸಿದರೆ ಈ ಸಮಸ್ಯೆ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಣಕ್ಕೆ ಡೆಸಿಮಲ್ ಬಳಸಲೇಬೇಕು ಎಂಬುದು ನಿಜ, ಆದರೆ ಪೈಥಾನ್‌ನ ಡೆಸಿಮಲ್ ಕೂಡ ತಾನಾಗಿ ಸಮ ಅಂಕಿಯ ಕಡೆಗೇ ವಾಲುತ್ತದೆ. ಅರ್ಧವನ್ನು ಮೇಲಕ್ಕೆ ಒಯ್ಯುವ ವಿಧಾನವನ್ನು ನೀವೇ ಸ್ಪಷ್ಟವಾಗಿ ಹೇಳಬೇಕು. ಯಾವ ವಿಧಾನ ಸರಿ ಎಂಬುದನ್ನು ತೀರ್ಮಾನಿಸಬೇಕಾದವರು ಬ್ಯಾಂಕಿನವರು, ನೀವಾಗಲಿ ನಾನಾಗಲಿ ಅಲ್ಲ. ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಖಾಲಿ ಜಾಗಗಳ ಬಗ್ಗೆ ಒಂದೇ ಮಾತು: ಪೋಸ್ಟ್‌ಗ್ರೆಸ್ ಸಿಎಸ್‌ವಿ ಬರೆಯುವಾಗ ನಲ್ ಮೌಲ್ಯವನ್ನು (ಏನೂ ತುಂಬಿಲ್ಲ ಎಂಬ ಗುರುತನ್ನು) ಏನೂ ಇಲ್ಲದಂತೆಯೂ ಖಾಲಿ ಪಠ್ಯವನ್ನು ಉದ್ಧರಣ ಚಿಹ್ನೆಗಳ ಜೋಡಿಯಾಗಿಯೂ ಬರೆಯುತ್ತದೆ, ಪೈಥಾನ್‌ನ ಮಾಡ್ಯೂಲ್ ಎರಡನ್ನೂ ಸಾಮಾನ್ಯವಾಗಿ ಒಂದೇ ರೀತಿ ಬರೆಯುತ್ತದೆ.

ಈಗ ಹೋಲಿಕೆಯ ಏರ್ಪಾಡು. ಮೊದಲು ಹಳೆಯ ಪ್ರೋಗ್ರಾಮನ್ನು ಒಂದೇ ಡೇಟಾದ ಮೇಲೆ, ಒಂದೇ ಸರ್ವರಿನಲ್ಲಿ, ಎರಡು ಸಲ ಓಡಿಸಿ ಆ ಎರಡು ಫೈಲುಗಳನ್ನೇ ತಾಳೆ ನೋಡಿ. ಇದು ವ್ಯರ್ಥ ಕೆಲಸವೆಂದು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ತಿಳಿವಳಿಕೆ ಕೊಡುವ ಹೆಜ್ಜೆ ಇದೇ. ಫೈಲು ಹುಟ್ಟಿದ ಸಮಯ, ಬ್ಯಾಚ್ ಸಂಖ್ಯೆ, ಸಾಲುಗಳ ಕ್ರಮ ಮುಂತಾಗಿ, ಏನೂ ಬದಲಾಗದಿದ್ದಾಗಲೂ ಬದಲಾಗುವ ಸಂಗತಿಗಳು ಇಲ್ಲೇ ಬಯಲಾಗುತ್ತವೆ. ಬಳಿಕ ಅದೇ ಹಳೆಯ ಪ್ರೋಗ್ರಾಮನ್ನು ಅದೇ ಡೇಟಾದ ಮೇಲೆ ಹೊಸ ಸರ್ವರಿನಲ್ಲಿ ಓಡಿಸಿದರೆ ಪರಿಸರದಿಂದ ಬರುವ ವ್ಯತ್ಯಾಸಗಳು ಸಿಗುತ್ತವೆ. ಕೊನೆಗೆ ಹೊಸ ಸರ್ವರಿನಲ್ಲೇ, ಅದೇ ಡೇಟಾದ ಮೇಲೆ, ಹಳೆಯದನ್ನೂ ಹೊಸದನ್ನೂ ಓಡಿಸಿ; ಆಗ ಕಾಣುವುದು ನಿಮ್ಮ ಪ್ರೋಗ್ರಾಮಿನಿಂದ ಬಂದ ವ್ಯತ್ಯಾಸ ಮಾತ್ರ.

ಅದೇ ಡೇಟಾ ಎಲ್ಲಿಂದ ತರುವುದು ಎಂಬಲ್ಲಿಗೆ ನಿಮ್ಮ ಸಹೋದ್ಯೋಗಿಯ ಸಲಹೆ ಬರುತ್ತದೆ. ಪ್ರೊಡಕ್ಷನ್ ಡೇಟಾಬೇಸನ್ನು ಡೆವಲಪ್‌ಮೆಂಟ್‌ಗೆ ನಕಲು ಮಾಡುವುದು ತಾಂತ್ರಿಕವಾಗಿ ಸುಲಭ, ಆದರೂ ನಾನು ಬೇಡ ಎನ್ನುತ್ತೇನೆ. ಡೆವಲಪ್‌ಮೆಂಟ್ ಸರ್ವರಿನ ಪಾಸ್‌ವರ್ಡ್ ಹತ್ತು ಜನರಿಗೆ ಗೊತ್ತಿರುತ್ತದೆ, ಅಲ್ಲಿನ ಬ್ಯಾಕಪ್‌ಗಳ ಲೆಕ್ಕ ಯಾರೂ ಇಡುವುದಿಲ್ಲ, ಪರೀಕ್ಷೆಗೆಂದು ಓಡಿಸಿದ ಪ್ರೋಗ್ರಾಮ್ ನಿಜವಾದ ಖಾತೆದಾರರ ಮೊಬೈಲಿಗೆ ಎಸ್‌ಎಂಎಸ್ ಕಳಿಸಿಬಿಡುವ ಅಪಾಯವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದೆ ದತ್ತಾಂಶ ಸೋರಿಕೆಗೆ ಆಸ್ಪದ ಕೊಟ್ಟರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ದಂಡದ ಮಾತು ಹಾಗಿರಲಿ, ಊರಿನ ಸಹಕಾರಿ ಬ್ಯಾಂಕನ್ನು ನಂಬಿ ಹಣವಿಟ್ಟವರ ಬಾಕಿ ಎಷ್ಟೆಂಬುದು ನಮ್ಮ ಪರೀಕ್ಷೆಯ ಅನುಕೂಲಕ್ಕಾಗಿ ಹತ್ತು ಜನರ ಕಣ್ಣಿಗೆ ಬೀಳಬಾರದು.

ವಿವರಗಳನ್ನು ಮರೆಮಾಡಿದ ನಕಲು ಇದಕ್ಕಿಂತ ಉತ್ತಮ, ಆದರೆ ಮರೆಮಾಡುವ ರೀತಿ ಸರಿಯಿರಬೇಕು. ಮೊಬೈಲ್ ಸಂಖ್ಯೆಯ ಜಾಗದಲ್ಲಿ ಅದರ ಶಾ-256 ಹ್ಯಾಶ್ ಇಟ್ಟರೆ ಗುಟ್ಟು ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಮ್ಮ ದೇಶದ ಹತ್ತಂಕಿಯ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವುದರಿಂದ ಇರಬಹುದಾದ ಸಂಖ್ಯೆಗಳೇ 400 ಕೋಟಿ. ಅಷ್ಟಕ್ಕೂ ಹ್ಯಾಶ್ ತೆಗೆದು ಪಟ್ಟಿ ಮಾಡಿ ಮೂಲ ಸಂಖ್ಯೆಯನ್ನು ಹಿಡಿಯುವುದು ಸಾಧಾರಣ ಕಂಪ್ಯೂಟರಿಗೂ ಕಷ್ಟವಲ್ಲ. ರಹಸ್ಯ ಕೀಲಿ ಬಳಸುವ ಎಚ್‌ಮ್ಯಾಕ್ ವಿಧಾನ ಬೇಕು, ಆ ಕೀಲಿ ಡೆವಲಪ್‌ಮೆಂಟ್ ಕಡೆಗೆ ಬರಲೇಬಾರದು. ಮರೆಮಾಡುವಿಕೆಗೆ ಇನ್ನೊಂದು ಮಿತಿಯೂ ಇದೆ: ಹೆಸರಿನ ಜಾಗದಲ್ಲಿ ಬೇರೆ ಅಕ್ಷರಗಳು ಬಂದಾಗ ಕೊಪ್ಪಳದ ಎರಡು ರೂಪಗಳಂಥ ತೊಡಕುಗಳೂ ಮರೆಯಾಗುತ್ತವೆ, ಅವು ಬಿಡುಗಡೆಯ ದಿನವೇ ಎದುರಾಗುತ್ತವೆ. ಪೂರ್ತಿ ಕೃತಕ ಡೇಟಾ ದಿನನಿತ್ಯದ ಪರೀಕ್ಷೆಗೆ ಒಳ್ಳೆಯದು. ಬಿಡುಗಡೆಯ ಮುಂಚಿನ ತಾಳೆಗೆ ಅದು ಸಾಲದು, ಏಕೆಂದರೆ ಇಪ್ಪತ್ತು ವರ್ಷಗಳಿಂದ ಕೈ ಬದಲಾಯಿಸುತ್ತ ಬಂದ ಡೇಟಾದ ವಕ್ರತೆಗಳನ್ನು ಯಾರೂ ಕುಳಿತು ಕಲ್ಪಿಸಲಾರರು.

ನನ್ನ ಶಿಫಾರಸು ಡೇಟಾವನ್ನು ಪ್ರೋಗ್ರಾಮಿನ ಬಳಿಗೆ ತರುವ ಬದಲು ಪ್ರೋಗ್ರಾಮನ್ನು ಡೇಟಾದ ಬಳಿಗೆ ಒಯ್ಯುವುದು. ಬ್ಯಾಂಕಿನ ಭದ್ರತಾ ವಲಯದೊಳಗೇ ಒಂದು ಪ್ರತ್ಯೇಕ ಸರ್ವರ್ ಕೇಳಿ, ಅದರಲ್ಲಿ ತ್ರೈಮಾಸಿಕ ಮುಗಿದ ನಂತರದ ಒಂದೇ ಬ್ಯಾಕಪನ್ನು ಡೇಟಾಬೇಸ್ ನಿರ್ವಾಹಕರಿಂದ ಮರುಸ್ಥಾಪಿಸಿ, ಹಳೆಯ ಹೊಸ ಎರಡೂ ಪ್ರೋಗ್ರಾಮುಗಳನ್ನು ಅದರ ಮೇಲೆ ಓಡಿಸಿ, ತಾಳೆಯನ್ನೂ ಅಲ್ಲೇ ಮಾಡಿ. ಹೊರಗೆ ಬರುವುದು ಎಣಿಕೆಗಳು ಮತ್ತು ವ್ಯತ್ಯಾಸದ ಮಾದರಿಗಳು ಮಾತ್ರ. ಇದಕ್ಕೂ ಅಪಾಯಗಳಿವೆ. ಹೊಸ ಪ್ರೋಗ್ರಾಮಿಗೆ ಓದುವ ಅನುಮತಿ ಮಾತ್ರವಿರಲಿ, ಆ ಸರ್ವರಿನಿಂದ ಎಸ್‌ಎಂಎಸ್, ಇಮೇಲ್, ಫೈಲು ರವಾನೆಯ ದಾರಿಗಳೆಲ್ಲ ಮುಚ್ಚಿರಲಿ, ಓಡುತ್ತಿರುವ ಪ್ರೊಡಕ್ಷನ್ ಡೇಟಾಬೇಸಿನ ಮೇಲೆಯೇ ನೇರವಾಗಿ ಓಡಿಸುವ ಆಸೆ ಬೇಡ. ಎರಡು ಓಟಗಳ ನಡುವೆ ಒಂದು ವಹಿವಾಟು ನಡೆದರೂ ಡೇಟಾ ಮತ್ತೆ ಬೇರೆಯಾಗಿಬಿಡುತ್ತದೆ.

ಇಷ್ಟಾದ ಮೇಲೆ ಟೂಲ್. ಎರಡೂ ಫೈಲುಗಳನ್ನು ಎಲ್ಲ ಕಾಲಂಗಳೂ ಪಠ್ಯವಾಗಿರುವ ಎರಡು ಟೇಬಲ್‌ಗಳಿಗೆ ತುಂಬಿ, ಖಾತೆ ಸಂಖ್ಯೆಯ ಮೇಲೆ ಫುಲ್ ಔಟರ್ ಜಾಯಿನ್ (ಒಂದೇ ಕಡೆ ಇರುವ ಸಾಲುಗಳನ್ನೂ ಬಿಡದ ಜೋಡಣೆ) ಮಾಡುವುದು ನಿಮಗೆ ಸಾಕು. ಹಳೆಯದರಲ್ಲಿ ಮಾತ್ರ ಇರುವವು, ಹೊಸದರಲ್ಲಿ ಮಾತ್ರ ಇರುವವು, ಎರಡರಲ್ಲೂ ಇದ್ದು ಬೇರೆಯಾಗಿರುವವು ಎಂದು ಮೂರು ಪಟ್ಟಿಗಳು ಸಿಗುತ್ತವೆ. ಜಾಯಿನ್‌ಗೆ ಮುಂಚೆ ಖಾತೆ ಸಂಖ್ಯೆ ಎರಡೂ ಕಡೆ ಪುನರಾವರ್ತನೆಯಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕಾಲಂಗಳನ್ನು ಹೋಲಿಸುವಾಗ ಸಾಧಾರಣ ‘ಸಮವಲ್ಲ’ ಚಿಹ್ನೆ ನಲ್ ಮೌಲ್ಯದ ಮುಂದೆ ಸೋಲುತ್ತದೆ, ವ್ಯತ್ಯಾಸವಿದ್ದರೂ ತೋರಿಸುವುದಿಲ್ಲ. ಈಸ್ ಡಿಸ್ಟಿಂಕ್ಟ್ ಫ್ರಂ ಎಂಬ ಹೋಲಿಕೆಯನ್ನೇ ಬಳಸಿ. ಕಣ್ಣಿನಿಂದ ನೋಡಲು ವಿನ್‌ಮರ್ಜ್, ಮೆಲ್ಡ್, ಬಿಯಾಂಡ್ ಕಂಪೇರ್ ಮುಂತಾದವು ಚೆನ್ನಾಗಿವೆ, ಆದರೆ ಅವನ್ನು ಆಯ್ದ ಕೆಲವು ಸಾಲುಗಳಿಗೆ ಮಾತ್ರ ಬಳಸಿ.

ಸಾಲಿನ ಅಂತ್ಯ, ಕ್ರಮ, ಎನ್‌ಎಫ್‌ಸಿ ಮುಂತಾದವನ್ನು ಏಕರೂಪಗೊಳಿಸಲು ಒಂದು ಚಿಕ್ಕ ಪ್ರೋಗ್ರಾಮ್ ಬರೆದು ಎರಡೂ ಫೈಲುಗಳ ನಕಲನ್ನು ಅದರ ಮೂಲಕ ಹಾಯಿಸಿ, ಮೂಲ ಫೈಲುಗಳನ್ನು ಮುಟ್ಟಬೇಡಿ. ಇಂಥ ಪ್ರತಿಯೊಂದು ನಿಯಮವೂ ಒಂದು ಬಗೆಯ ವ್ಯತ್ಯಾಸವನ್ನು ನೋಡದಿರಲು ನಾವು ಕೈಗೊಂಡ ತೀರ್ಮಾನ ಎಂಬುದು ನೆನಪಿರಲಿ. ಸಾಲಿನ ಕೊನೆಯ ಹೆಚ್ಚುವರಿ ಬೈಟನ್ನು ತಾಳೆಯಲ್ಲಿ ಕಡೆಗಣಿಸಬಹುದು, ಆದರೆ ಈ ಫೈಲನ್ನು ಓದುವ ಮುಂದಿನ ವ್ಯವಸ್ಥೆ ಅದನ್ನು ಒಪ್ಪದಿದ್ದರೆ ಬಿಡುಗಡೆಯ ರಾತ್ರಿ ಇಡೀ ಫೈಲು ತಿರಸ್ಕೃತವಾಗುತ್ತದೆ. ಆದ್ದರಿಂದ ಕಡೆಗಣಿಸಿದ ಪ್ರತಿಯೊಂದನ್ನೂ ಪಟ್ಟಿ ಮಾಡಿ, ಫೈಲು ಪಡೆಯುವವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಹಣದ ಕಾಲಂಗೆ ಮಾತ್ರ ಯಾವ ವಿನಾಯಿತಿಯೂ ಬೇಡ. ಒಂದು ಪೈಸೆ ಹೆಚ್ಚುಕಡಿಮೆ ಇದ್ದರೆ ಬಿಡೋಣ ಎಂದರೆ 4 ಲಕ್ಷ ಖಾತೆಗಳಲ್ಲಿ 4,000 ರೂಪಾಯಿಗಳವರೆಗಿನ ತಪ್ಪು ಯಾರಿಗೂ ಕಾಣದೆ ದಾಟಿಹೋಗಬಹುದು. ಪೈಸೆಗಳ ಪೂರ್ಣಾಂಕಗಳಾಗಿ ಬದಲಿಸಿಕೊಂಡು ಹೋಲಿಸಿ.

ಉಳಿದ ವ್ಯತ್ಯಾಸಗಳನ್ನು ಸಾಲು ಸಾಲಾಗಿ ನೋಡುತ್ತ ಕೂರಬೇಡಿ, ಗುಂಪು ಮಾಡಿ. ಯಾವ ಕಾಲಂನಲ್ಲಿ ಎಷ್ಟು, ವ್ಯತ್ಯಾಸದ ಮೊತ್ತ ಎಷ್ಟೆಷ್ಟು, ಯಾವ ಶಾಖೆಯಲ್ಲಿ ಹೆಚ್ಚು ಎಂದು ಎಣಿಸಿದರೆ ಸಾವಿರಾರು ಸಾಲುಗಳು ಬೆರಳೆಣಿಕೆಯ ಕಾರಣಗಳಿಗೆ ಇಳಿಯುತ್ತವೆ. ದೊಡ್ಡ ಗುಂಪಿನ ಕಾರಣ ಹುಡುಕಿ, ಸರಿಪಡಿಸಿ, ಮತ್ತೆ ಓಡಿಸಿ. ಈ ಹಂತದಲ್ಲಿ ಹಳೆಯ ಪ್ರೋಗ್ರಾಮಿನದೇ ತಪ್ಪು ಎಂದು ಗೊತ್ತಾಗುವುದು ಅಪರೂಪವಲ್ಲ. ಆಗ ಹೊಸದರಲ್ಲಿ ಸದ್ದಿಲ್ಲದೆ ಸರಿಪಡಿಸಿ ಮುಂದೆ ಹೋಗಬಾರದು, ಹಳೆಯ ತಪ್ಪನ್ನು ಹೊಸದರಲ್ಲಿ ಸದ್ದಿಲ್ಲದೆ ಅನುಕರಿಸಲೂ ಬಾರದು. ಇದುವರೆಗೆ ಜನರಿಗೆ ಜಮೆಯಾಗಿರುವುದು ಆ ಲೆಕ್ಕದಂತೆ. ಅದನ್ನು ಏನು ಮಾಡಬೇಕೆಂದು ಹೇಳುವ ಅಧಿಕಾರ ಬ್ಯಾಂಕಿನದು.

ಮ್ಯಾನೇಜರಿಗೆ ವ್ಯತ್ಯಾಸವೇ ಇಲ್ಲ ಎಂಬ ಭರವಸೆ ಕೊಡಲು ಹೋಗಬೇಡಿ. ಕಾರಣ ತಿಳಿಯದ ವ್ಯತ್ಯಾಸ ಒಂದೂ ಇಲ್ಲ ಎಂಬ ಪಟ್ಟಿಯನ್ನು ಕೊಡಿ: ಪ್ರತಿ ಗುಂಪಿಗೆ ಕಾರಣ, ಸಾಲುಗಳ ಸಂಖ್ಯೆ, ಹಣದ ಪರಿಣಾಮ, ಒಪ್ಪಿದವರ ಹೆಸರು. ಬಿಡುಗಡೆಗೆ ಸಮಯ ಕಡಿಮೆಯಿದ್ದು ಪ್ರತ್ಯೇಕ ಸರ್ವರ್ ಸಿಗುವುದು ತಡವಾಗುವಂತಿದ್ದರೆ, ಈಗ ನಿಮ್ಮ ಡೆವಲಪ್‌ಮೆಂಟ್‌ನಲ್ಲಿರುವ ಹಳೆಯ ಬ್ಯಾಕಪ್ಪಿನ ಮೇಲೆಯೇ ಹಳೆಯ ಪ್ರೊಸೀಜರನ್ನೂ ಹೊಸ ಪ್ರೋಗ್ರಾಮನ್ನೂ ಇಂದೇ ಓಡಿಸಿ. ದುಂಡುಮಾಡುವಿಕೆಯ ವ್ಯತ್ಯಾಸವೂ, ಸಮಯವಲಯವನ್ನು ಎರಡೂ ಪ್ರೋಗ್ರಾಮುಗಳು ಬೇರೆ ಬೇರೆಯಾಗಿ ಓದುತ್ತಿದ್ದರೆ ಅದೂ ಅಲ್ಲೇ ಸಿಗುತ್ತವೆ. ಸರ್ವರಿನ ಸಮಯವಲಯದಿಂದ ಬರುವ ವ್ಯತ್ಯಾಸ ಮಾತ್ರ ಅಲ್ಲಿ ಕಾಣದು, ಆದ್ದರಿಂದ ಎರಡೂ ಕಡೆಯ ಡೇಟಾಬೇಸ್ ಯಾವ ಸಮಯವಲಯದಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಆ ಬ್ಯಾಕಪ್‌ನಲ್ಲಿ ಖಾತೆದಾರರ ನಿಜವಾದ ವಿವರಗಳು ಉಳಿದಿದ್ದರೆ, ಕೆಲಸ ಮುಗಿದ ಕೂಡಲೇ ಅದನ್ನೂ ಅದರಿಂದ ಹುಟ್ಟಿದ ಫೈಲುಗಳನ್ನೂ ಡೇಟಾಬೇಸ್ ನಿರ್ವಾಹಕರಿಗೆ ತಿಳಿಸಿ ಅಳಿಸಿಹಾಕಿಸಿ.